ರಸ್ತೆಯಿಂದ ಮೊಗೆದು ತಂದದ್ದು

ನಮ್ಮವರನ್ನು ಸುಟ್ಟ ದಿನ ವಿಹಾರದಲ್ಲಿ ಊರಿನ ಮುಖ್ಯಸ್ಥ ಮೈಕು ಹಿಡಿದು ಅವರ ಬದುಕಿನ ಕತೆ ಓದಿದ. ನಮ್ಮ ಇಸಾನ್ ಸೀಮೆಯಲ್ಲಿ ಬೆಂಕಿ ಇಡುವ ಮೊದಲು ಹೀಗೆ ಓದಬೇಕು. ಹೆಸರು ಸಮ್ರಿತ್. ಹುಟ್ಟಿದ್ದು ಇದೇ ಊರು. ಹೆಂಡತಿ ಲಾಮೈ. ಒಬ್ಬಳೇ ಮಗಳು. ಐಸ್‌ಕ್ರೀಮ್ ಮಾರುತ್ತಿದ್ದರು. ಕಿಡ್ನಿ ಕೆಟ್ಟು ತೀರಿಕೊಂಡರು. ಅಷ್ಟೇ. ಅವನು ಓದಿ ಮುಗಿಸಿದಾಗ ಹಿಂದಿನಿಂದ ಬಂದವರು ಇನ್ನೂ ಚಪ್ಪಲಿ ಬಿಡುತ್ತಿದ್ದರು.

ನನಗೆ ಸಿಟ್ಟು ಬಂತು. ಒಬ್ಬ ಮನುಷ್ಯ ಅಂದರೆ ಅಷ್ಟೇನಾ?

ಮಗಳು ಅಂದಳು, "ಅಮ್ಮಾ, ಎಲ್ಲರ ಮೇಲೂ ಯಾಕೆ ಹಾರಾಡ್ತೀಯ? ನಿಂಗೆ ಜಾಸ್ತಿ ಗೊತ್ತಿದ್ರೆ ನೀನೇ ಬರಿ. ನೂರನೇ ದಿನದ ಊಟಕ್ಕೆ ಬಂದವರಿಗೆ ಅಚ್ಚು ಹಾಕಿಸಿ ಹಂಚೋಣ."

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುತ್ತಿದ್ದೇನೆ. ತಪ್ಪಿದ್ದರೆ ಊಟ ಮಾಡಿ ಮರೆತುಬಿಡಿ.

ಸಮ್ರಿತ್ ಬಗ್ಗೆ ಮೊದಲು ಹೇಳಬೇಕಾದ್ದು ಗಂಟೆ. ಕಂಚಿನ ಕೈಗಂಟೆ, ಅವರ ಅಪ್ಪನ ಕಾಲದ್ದು. ಅಪ್ಪ ಹೆಗಲ ಮೇಲೆ ಹೊತ್ತು ಮಾರುತ್ತಿದ್ದರು. ಇವರ ಕಾಲಕ್ಕೆ ಗಾಡಿ ಬಂತು. ಮೋಟಾರ್‌ಬೈಕಿನ ಪಕ್ಕಕ್ಕೆ ಇನ್ನೊಂದು ಚಕ್ರ, ಅದರ ಮೇಲೆ ಪೆಟ್ಟಿಗೆ, ಮೇಲೊಂದು ಛತ್ರಿ. ಬೆಳಿಗ್ಗೆ ನಾನು ತೆಂಗಿನಕಾಯಿ ತುರಿದು ಹಾಲು ಹಿಂಡುತ್ತಿದ್ದೆ. ಅವರು ಡಬ್ಬಿಯ ಸುತ್ತ ಐಸು, ಉಪ್ಪು ತುಂಬಿ ತಿರುಗಿಸುತ್ತಿದ್ದರು. ಮಧ್ಯಾಹ್ನ ಹೊರಟರೆ ಶಾಲೆ, ಅಕ್ಕಿ ಗಿರಣಿ, ಕಾಲುವೆ ದಂಡೆಯ ಮನೆಗಳು. ಬ್ರೆಡ್ಡಿನ ಹೊಟ್ಟೆ ಸೀಳಿ, ಒಳಗೆ ಅಂಟು ಅನ್ನ ಇಟ್ಟು, ಮೇಲೆ ಐಸ್‌ಕ್ರೀಮು, ಅದರ ಮೇಲೆ ಹುರಿದ ಕಡಲೆಕಾಯಿ. ಕಡಲೆಕಾಯಿ ಮಾತ್ರ ಕೈಗೆ ಬಂದಷ್ಟು. ಲಾಭವೆಲ್ಲ ಕಡಲೆಕಾಯಿಯಲ್ಲೇ ಹೋಗುತ್ತಿತ್ತು.

ಮಕ್ಕಳ ಹತ್ತಿರ ಕಾಸಿಲ್ಲದಿದ್ದರೆ ಖಾಲಿ ಬಾಟಲಿ, ಹಳೇ ಕಬ್ಬಿಣ ತಂದರೂ ನಡೆಯುತ್ತಿತ್ತು. ಒಂದು ಸಲ ಒಬ್ಬ ಹುಡುಗ ಮನೆಯ ಹೊಸ ಸೌಟನ್ನೇ ತಂದುಕೊಟ್ಟ. ಅವನ ತಾಯಿ ಬೀದಿಗೆ ಕೇಳುವ ಹಾಗೆ ಕೂಗಿಕೊಂಡು ಬಂದಳು.

"ಸಮ್ರಿತಣ್ಣಾ, ನನ್ನ ಸೌಟು ನುಂಗಿದ್ಯಾ?"

"ನಾನು ನುಂಗ್ಲಿಲ್ಲ ತಾಯಿ, ನಿನ್ನ ಮಗ ನುಂಗಿದ. ಸೌಟು ಇಲ್ಲೇ ಇದೆ, ತಗೊಂಡು ಹೋಗು. ಐಸ್‌ಕ್ರೀಮು ವಾಪಸ್ ಬೇಕು ಅಂದ್ರೆ ಮಾತ್ರ ನಾಳೆ ಬೆಳಿಗ್ಗೆವರೆಗೆ ಕಾಯ್ಬೇಕು."

ಅವಳು ಬೈಯಲು ಬಂದವಳು ಎರಡು ಬ್ರೆಡ್ಡು ಕೊಂಡು ಹೋದಳು.

ಅವರಿಗೆ ಜಗಳ ಆಗದು. ಯಾರಾದರೂ ಕಾಲು ತುಳಿದರೆ ಇವರೇ "ಪರವಾಗಿಲ್ಲ ಬಿಡಿ" ಅನ್ನುವರು. ಆ ಒಂದು ಮಾತಿಗಾಗಿ ನಾನು ಮದುವೆಯಾದೆ. ಆ ಒಂದು ಮಾತಿಗಾಗಿ ಬದುಕಿಡೀ ಬೈದೆ.

ಕೆಲವು ವರ್ಷದ ಹಿಂದೆ ಇವರಿಗೆ ಅಪಘಾತ ಆಯಿತು, ಗಿರಣಿಯ ತಿರುವಿನಲ್ಲಿ. ಕಬ್ಬು ಕಡಿಯುವ ಕಾಲ. ಮುಂದೆ ಹೋಗುತ್ತಿದ್ದ ಕಬ್ಬಿನ ಲಾರಿಯನ್ನು ದಾಟಲು ಹೋಗಿ ಒಂದು ಕಾರು ಇವರ ಎದುರಿಗೆ ಬಂತು. ಇವರು ಇದ್ದದ್ದು ತಮ್ಮ ಬದಿಯಲ್ಲೇ. ಗಿರಣಿಯ ಹೆಂಗಸರು ನೋಡಿದ್ದಾರೆ. ಗಾಡಿ ಹೊಲಕ್ಕೆ ಹಾರಿತು, ಇವರು ರಸ್ತೆಗೆ ಬಿದ್ದರು. ಐಸ್‌ಕ್ರೀಮೆಲ್ಲ ಡಾಂಬರಿನ ಮೇಲೆ ಕರಗಿ ಹರಿಯಿತಂತೆ. ಊರಿನ ನಾಯಿಗಳೆಲ್ಲ ಬಂದು ನೆಕ್ಕಿದವಂತೆ. ಇದನ್ನು ಆಮೇಲೆ ಅವರೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು. ಆವತ್ತು ಯಾರೂ ನಗಲಿಲ್ಲ.

ನಾನು ಆಸ್ಪತ್ರೆಗೆ ಹೋದಾಗ ಬಲಗಾಲು ಬ್ಯಾಂಡೇಜಿನೊಳಗೆ ದಿಂಬಿನ ಗಾತ್ರ ಆಗಿತ್ತು. ಮಂಡಿ ಒಡೆದಿದೆ, ರಾಡು ಹಾಕಬೇಕು ಅಂದರು.

"ಲಾಮೈ, ಗಂಟೆ ಎಲ್ಲಿ?" ಅಂತ ಕೇಳಿದರು.

"ಕಾಲು ಹೋಗಿದೆ, ಗಂಟೆ ಕೇಳ್ತೀರಲ್ರೀ!"

"ಕಾಲು ಇಲ್ಲೇ ಇದೆ, ಕಾಣ್ತಿದೆ. ಗಂಟೆ ಕಾಣ್ತಿಲ್ಲ."

ಗಂಟೆಯನ್ನು ಗಿರಣಿಯವಳೊಬ್ಬಳು ತಲೆಬಟ್ಟೆಯಲ್ಲಿ ಒರೆಸಿ ತಂದುಕೊಟ್ಟಳು. ಇವರು ಮಲಗಿದಲ್ಲೇ ಒಂದು ಸಲ ಆಡಿಸಿ ನೋಡಿದರು. ನರ್ಸು ಓಡಿ ಬಂದು ಬೈದಳು.

ಕಾರು ಓಡಿಸಿದವರು ಪ್ರಾಚಾ ಅಂತ. ಪೇಟೆಯಲ್ಲಿ ನೀರಿನ ಪಂಪು ಮಾರುವ ಅಂಗಡಿ. ಓಡಿಹೋಗುವ ಜನ ಅಲ್ಲ. ಅವರೇ ಆಂಬುಲೆನ್ಸಿಗೆ ಫೋನು ಮಾಡಿದ್ದು. ಮರುದಿನ ಹಣ್ಣಿನ ಬುಟ್ಟಿ ಹಿಡಿದು ಆಸ್ಪತ್ರೆಗೆ ಬಂದರು. ಬಟ್ಟಲಲ್ಲಿ ಹೂವು, ಮೇಣದ ಬತ್ತಿ, ಬಿಳಿ ದಾರ, ಒಂದು ಲಕೋಟೆ. ಮಂಚದ ಪಕ್ಕ ಮೊಣಕಾಲೂರಿ ಕೂತು ಕೈ ಮುಗಿದರು. 

ಲಕೋಟೆಯಲ್ಲಿ ಇದ್ದದ್ದು ಖ್ವಾನ್ ದುಡ್ಡು. ಖ್ವಾನ್ ಅಂದರೆ ಮೈಯೊಳಗಿನ ಜೀವದ ಕಳೆ. ಮನುಷ್ಯ ದಿಗಿಲು ಬಿದ್ದರೆ ಅದು ಮೈ ಬಿಟ್ಟು ಹಾರುತ್ತದೆ. ಹೆದರಿಸಿದವರು ಬಂದು, ತಪ್ಪಾಯಿತು ಅಂದು, ದುಡ್ಡಿಟ್ಟು, ಮಣಿಕಟ್ಟಿಗೆ ದಾರ ಕಟ್ಟಬೇಕು. ಕಟ್ಟಿಸಿಕೊಂಡವರು ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ ಅನ್ನಬೇಕು. ಅನ್ನದಿದ್ದರೆ ದಾರ ಕಟ್ಟಿ ಏನು ಬಂತು?

ಪ್ರಾಚಾ ದಾರ ಕಟ್ಟಿದರು. ಇವರು, "ಮುಗೀತು ಬಿಡಿ ಸ್ವಾಮಿ, ನಿಮ್ಮ ಮೇಲೆ ನಂಗೇನೂ ಇಲ್ಲ" ಅಂದರು. ಸ್ವಲ್ಪ ಹೊತ್ತಿಗೆ ಪೊಲೀಸಿನವನು ಬಂದು ದೂರು ಇದೆಯಾ ಅಂತ ಕೇಳಿದ. ದಾರ ಇನ್ನೂ ಹೊಸದು, ಕಟ್ಟಿದವರು ಎದುರಿಗೇ ಕೂತಿದ್ದಾರೆ. ಇವರು "ಇಲ್ಲ ಸ್ವಾಮಿ, ಮುಗೀತು" ಅಂದರು. ನಮ್ಮ ಊರಲ್ಲಿ ಯಾರೇ ಆಗಿದ್ದರೂ ಹಾಗೇ ಅನ್ನುತ್ತಿದ್ದರು. ನಾನಾಗಿದ್ದರೂ ಹಾಗೇ ಅನ್ನುತ್ತಿದ್ದೆ.

ಮನೆಗೆ ಕರೆತಂದೆವು. ಕಾಲಿಗೆ ರಾಡು ಬಿತ್ತು, ಆಸ್ಪತ್ರೆ ಸರ್ಕಾರದ್ದು, ಅದಕ್ಕೆ ದುಡ್ಡು ಹೋಗಲಿಲ್ಲ. ಆದರೆ ಮನುಷ್ಯ ಮನುಷ್ಯನಾಗಿರಲಿಲ್ಲ. ಚಾಪೆ ಮೇಲೆ ಗೋಡೆ ಕಡೆ ತಿರುಗಿ ಮಲಗುವರು. ಅನ್ನದ ಬುಟ್ಟಿ ಮುಟ್ಟರು. ಹೊರಗೆ ಮೋಟಾರು ಸದ್ದಾದರೆ ಬೆಚ್ಚಿ ಬೀಳುವರು. ಗಂಟೆಯನ್ನು ತಲೆದೆಸೆಯಲ್ಲಿ ಇಟ್ಟೆ. ಕೈ ಹಾಕಲಿಲ್ಲ.

ಪಕ್ಕದ ಮನೆಯ ಪೇಂಗ್ ಅಜ್ಜಿ ಬಂದು ನೋಡಿದಳು. ಊರಲ್ಲಿ ಹೆರಿಗೆಯಿಂದ ಹಿಡಿದು ಹೆಣದವರೆಗೆ ಎಲ್ಲದಕ್ಕೂ ಬೇಕಾದವಳು.

"ಇವನು ಇಲ್ಲೆಲ್ಲಿದ್ದಾನೆ? ಇವನ ಖ್ವಾನ್ ಇನ್ನೂ ಗಿರಣಿ ತಿರುವಲ್ಲೇ ಕೂತಿದೆ. ಹೋಗಿ ಮೊಗೆದು ತರಬೇಕು. ಬಲೆ ಇದೆಯೇನೇ?"

"ಮೀನು ಮೊಗೆಯೋ ಕೋಲುಬಲೆ ಇದೆ."

"ಅದೇ. ಆ ಕಾರಿನವನಿಗೂ ಹೇಳಿ ಕಳ್ಸು. ಓಡಿಸಿದವನೇ ಕರೀಬೇಕು. ನಾನು ಕರೆದ್ರೆ ಅದು ನನ್ನ ಹಿಂದೆ ಬಂದ್ಬಿಟ್ರೆ ಇವನನ್ನ ನಾನೇ ಇಟ್ಕೊಬೇಕಾಗುತ್ತೆ."

ಪ್ರಾಚಾ ಬರುತ್ತಾರೋ ಇಲ್ಲವೋ ಅಂದುಕೊಂಡಿದ್ದೆ. ಬಂದರು. ಪೇಟೆ ಬೂಟು ಹಾಕಿಕೊಂಡೇ ಬಂದರು. ತಿರುವಿನಲ್ಲಿ ಒಡೆದ ಗಾಜು ಇನ್ನೂ ಮಿನುಗುತ್ತಿತ್ತು. ರಸ್ತೆ ಅಂಚಿಗೆ ಬಾಳೆ ಎಲೆ ಹಾಸಿ, ಬೇಯಿಸಿದ ಮೊಟ್ಟೆ, ಅಂಟು ಅನ್ನದ ಉಂಡೆ, ಬಾಳೆಹಣ್ಣು ಇಟ್ಟೆವು. ಬಲೆಯೊಳಗೆ ಇವರ ಅಂಗಿ. ಬಲೆಯ ಕೋಲನ್ನು ಅಜ್ಜಿ ಪ್ರಾಚಾ ಕೈಗೆ ಕೊಟ್ಟಳು.

ಅಷ್ಟರಲ್ಲಿ ಒಂದು ಕಬ್ಬಿನ ಲಾರಿ ಹಾರ್ನು ಹೊಡೆಯುತ್ತ ಬಂತು. ಅಜ್ಜಿ ರಸ್ತೆ ಮಧ್ಯ ನಿಂತು ಕೈ ತೋರಿಸಿದಳು.

"ಬಾಯಿ ಮುಚ್ಕೊಂಡು ಹೋಗೋ! ಇಲ್ಲೊಬ್ಬನ ಜೀವ ಹಿಡೀತಿದ್ದೀವಿ. ಸದ್ದು ಮಾಡಿದ್ರೆ ನಿನ್ನದನ್ನೇ ಹಿಡ್ಕೊಂಡು ಹೋಗ್ತೀವಿ!"

ಲಾರಿಯವನು ಹಾರ್ನು ಬಿಟ್ಟು, ಕೈ ಮುಗಿದು, ಮೆಲ್ಲಗೆ ದಾಟಿದ. ಅವನೂ ನಮ್ಮ ಇಸಾನಿನವನೇ.

"ಹೂಂ, ಮೊಗೀಪ್ಪ. ಕರಿ" ಅಂದಳು ಅಜ್ಜಿ.

"ಏನಂತ ಕರೀಲಿ ಅಜ್ಜಿ?"

"ನಿನ್ನ ಬಾಯಲ್ಲಿ ಬಂದದ್ದನ್ನ ಹೇಳು. ಅದಕ್ಕೆ ಪಂಪು ಮಾತ್ರ ಮಾರಬೇಡ."

ಪ್ರಾಚಾ ನಗಲಿಲ್ಲ. ನೆಲದ ಮೇಲೆ ಬಲೆ ಆಡಿಸಿದರು, ನೀರಿನಲ್ಲಿ ಮೀನು ಮೊಗೆಯುವ ಹಾಗೆ. "ಬಾ ಖ್ವಾನ್, ಬಾ. ಸಮ್ರಿತಣ್ಣನ ಖ್ವಾನ್, ಬಾ. ಹೆದರಿಸಿದವನು ನಾನೇ. ಇನ್ನು ಹೆದರಬೇಡ. ನೀನು ಮನೆಗೆ ಹೋಗು. ಕಾಲಿಗೆ ನಾನಿದ್ದೀನಿ. ಗಾಡಿಗೆ ನಾನಿದ್ದೀನಿ. ನೀನು ಮನೆಗೆ ಮಾತ್ರ ಹೋಗು." ಯಾರೂ ಹೇಳಿಕೊಟ್ಟ ಮಾತಲ್ಲ. ಗಿರಣಿಯ ಹೆಂಗಸರು ಬೇಲಿ ಹಿಡಿದು ನಿಂತು ಕೇಳಿಸಿಕೊಂಡರು. ಒಬ್ಬಳು ಮೂಗು ಒರೆಸಿಕೊಂಡಳು.

ಅಜ್ಜಿ ಬಲೆಯ ಬಾಯಿಗೆ ಬಟ್ಟೆ ಮುಚ್ಚಿದಳು. ಹಿಂದೆ ತಿರುಗಿ ನೋಡದೆ ಮನೆಗೆ ಬಂದೆವು. ಮೆಟ್ಟಿಲ ಹತ್ತಿರ ಮಗಳು ಕೇಳಿದಳು, "ಖ್ವಾನ್ ಬಂತಾ?" ಎಲ್ಲರೂ ಕೂಡಿ, "ಬಂತು, ಬಂತು" ಅಂದೆವು. ಪ್ರಾಚಾ ಎಲ್ಲರಿಗಿಂತ ಜೋರಾಗಿ ಅಂದರು. ಅಂಗಿ ಇವರಿಗೆ ಹಾಕಿ ಮತ್ತೆ ದಾರ ಕಟ್ಟಿದೆವು.

ಇವರು ಸುತ್ತ ನೋಡಿದರು. "ಆ ಮೊಟ್ಟೆ ಯಾರಾದ್ರೂ ತಿಂತೀರಾ, ನಾನು ತಿನ್ಲಾ?" ಅಂದರು.

ಆ ಸಂಜೆ ಅನ್ನದ ಬುಟ್ಟಿ ಖಾಲಿಯಾಯಿತು. ನಾನು ಅಡುಗೆಮನೆಗೆ ಹೋಗಿ ಒಲೆ ಮುಂದೆ ಸುಮ್ಮನೆ ಕೂತೆ.

ಮನುಷ್ಯ ಬಂದ. ಕಾಲು ಬರಲಿಲ್ಲ. ಮಂಡಿ ಮಡಚಲು ಆಗದು, ಇನ್ನು ಮೇಲೂ ಆಗುವುದು ಕಷ್ಟ ಅಂದರು ಡಾಕ್ಟರು. ಮಡಚದ ಕಾಲಲ್ಲಿ ಕಿಕ್ಕು ಹೊಡೆಯಲು ಬರದು, ಬ್ರೇಕು ಒತ್ತಲು ಬರದು. ಅಷ್ಟಕ್ಕೂ ಒತ್ತಲು ಗಾಡಿಯೇ ಇರಲಿಲ್ಲ. ಅಂಗಳದಲ್ಲಿ ಅದರ ಮುರುಕು ಬಿದ್ದಿತ್ತು, ಪೆಟ್ಟಿಗೆಯಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಪೇಟೆಯ ವೆಲ್ಡಿಂಗಿನವನು ಹೇಳಿದ, ಬಟನ್ ಒತ್ತಿದರೆ ಶುರುವಾಗುವ, ಕೈಯಲ್ಲೇ ಬ್ರೇಕು ಹಿಡಿಯುವ ಗಾಡಿ ಮಾಡಿಕೊಡುತ್ತೇನೆ ಅಂತ. ಅದಕ್ಕೆ ಅವನು ಕೇಳಿದಷ್ಟು ಬಾತ್ ದುಡ್ಡು ನಾವು ಒಟ್ಟಿಗೆ ಕಂಡವರೇ ಅಲ್ಲ. ಖ್ವಾನ್ ದುಡ್ಡು ಆಸ್ಪತ್ರೆಗೆ ಓಡಾಡಿದ ಖರ್ಚಿಗೆ, ಅಕ್ಕಿಗೆ ಮುಗಿದಿತ್ತು.

ಗಾಡಿ ಇಲ್ಲದಿದ್ದರೆ ಸಮ್ರಿತ್ ಇಲ್ಲ. ಇದು ನನಗೆ ಗೊತ್ತಿತ್ತು. ಅವರು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ರಸ್ತೆ ನೋಡುವರು. ಮಧ್ಯಾಹ್ನ ಆದರೆ ಕೈ ತನ್ನಷ್ಟಕ್ಕೇ ಗಂಟೆ ಹುಡುಕುತ್ತಿತ್ತು.

ಪ್ರಾಚಾ ಕಾರಿಗೆ ಇನ್ಶೂರೆನ್ಸ್ ಇತ್ತು. ನಾನು ಕಂಪನಿಯ ಆಫೀಸಿಗೆ ಹೋದೆ. ನೀಲಿ ಟೈ ಕಟ್ಟಿದ ಒಬ್ಬ ಕೂತಿದ್ದ. ನೀರು ಕೊಟ್ಟ, ಕೂರಿಸಿದ, ಒಳ್ಳೇ ಮಾತಾಡಿದ.

"ಅಮ್ಮಾ, ಈ ವಿಷಯ ಮುಗಿದಿದೆಯಲ್ಲ."

"ಶುರುವೇ ಆಗಿಲ್ಲ, ಮುಗಿಯೋದು ಎಲ್ಲಿಂದ ಬಂತು?"

"ನಿಮ್ಮ ಯಜಮಾನರು ದುಡ್ಡು ಇಸ್ಕೊಂಡಿದ್ದಾರೆ. ಪೊಲೀಸರ ಮುಂದೇನೇ ಮುಗೀತು ಅಂದಿದ್ದಾರೆ."

"ಅದು ಖ್ವಾನ್ ದುಡ್ಡು. ದಾರದ ಜೊತೆ ಕೊಟ್ಟಿದ್ದು."

"ಹೆಸರು ಏನಾದ್ರೂ ಇರ್ಲಿ ಅಮ್ಮಾ, ದುಡ್ಡು ದುಡ್ಡೇ."

"ಯಾವೂರಪ್ಪ ನಿಂದು?"

"ಬ್ಯಾಂಕಾಕ್."

"ಅದಕ್ಕೇ" ಅಂದು ಎದ್ದು ಬಂದೆ. ಅವನು ಕೊಟ್ಟ ನೀರು ಕುಡಿಯಲಿಲ್ಲ.

ಅಲ್ಲಿಂದ ಪ್ರಾಚಾ ಅಂಗಡಿಗೆ ಹೋದೆ. ಪ್ರಾಚಾ ಒಳಗೆ ಇದ್ದರು, ಬೂಟು ಕಾಣುತ್ತಿತ್ತು, ಮುಖ ತೋರಿಸಲಿಲ್ಲ. ಹೆಂಡತಿ ಸುಮಾಲೀ ಮುಂದೆ ಬಂದಳು.

"ಇವರ ಹತ್ರ ಮಾತಾಡೋ ಹಾಗಿಲ್ಲ. ಮಾತಾಡ್ಬೇಡಿ ಅಂತ ಕಂಪನಿಯವರು ಹೇಳಿದ್ದಾರೆ."

"ಒಂದೇ ಒಂದು ಮಾತು, ಅಕ್ಕಾ."

"ಖ್ವಾನ್ ದುಡ್ಡು ಜೀರ್ಣ ಆಯ್ತಾ? ಮತ್ತೆ ಹಸಿವಾ? ನಮ್ಮ ಅಂಗಡೀಲಿ ದುಡ್ಡಿನ ಪಂಪು ಇಲ್ಲ, ನೀರಿನ ಪಂಪು ಮಾತ್ರ."

ಅಂಗಡಿಯಲ್ಲಿದ್ದ ಗಿರಾಕಿಗಳು ನನ್ನ ಕಡೆ ನೋಡಿದರು. ನಾನು ಬಸ್ಸಿನಲ್ಲಿ ಕೂತು ಊರು ಬರುವವರೆಗೂ ಕಿಟಕಿಯ ಹೊರಗೇ ನೋಡಿದೆ.

ಪಕ್ಕದ ಊರಿನ ವಿಹಾರದಲ್ಲಿ ತಿಂಗಳಿಗೊಮ್ಮೆ ಬಡವರಿಗೆ ಬಿಟ್ಟಿ ಸಲಹೆ ಕೊಡುವ ವಕೀಲೆ ಬರುತ್ತಾಳೆ, ಚನಿದಾ ಅಂತ, ಅವಳ ಹತ್ತಿರ ಹೋಗೋಣ ಅಂದೆ. ಇವರು ಕೆರಳಿದರು. ಮದುವೆಯಾದಾಗಿನಿಂದ ಅವರು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ.

"ದಾರ ಕಟ್ಟಿಸ್ಕೊಂಡು ಕೋರ್ಟಿಗೆ ಹೋಗೋದಾ? ಮುಗೀತು ಅಂದವನು ನಾನು. ಬಾಯಿ ಒಂದೇ ಇರೋದು ನಂಗೆ. ನಾಚಿಕೆ ಆಗಲ್ವಾ?"

"ಆಗುತ್ತೆ. ಆ ನಾಚಿಕೆಗೆ ಮೂರು ಚಕ್ರ ಹಾಕಿ ಓಡಿಸ್ತೀರಾ? ಅದರ ಮೇಲೆ ಡಬ್ಬಿ ಕೂರುತ್ತಾ?"

"ಪರವಾಗಿಲ್ಲ ಬಿಡು ಲಾಮೈ."

"ಪರವಾಗಿದೆ ಕಣ್ರೀ! ನಂಗೆ ಪರವಾಗಿದೆ! ಮಧ್ಯಾಹ್ನ ಆದ್ರೆ ನಿಮ್ಮ ಕೈ ನೋಡಕ್ಕಾಗಲ್ಲ ನಂಗೆ."

ಅವರು ತಮ್ಮ ಕೈ ನೋಡಿಕೊಂಡರು. ಆಮೇಲೆ, "ಪ್ರಾಚಾನ ಬೈಯೋ ಹಾಗಿಲ್ಲ. ಬೈಯಲ್ಲ ಅಂದ್ರೆ ಬರ್ತೀನಿ" ಅಂದರು.

ಚನಿದಾ ವಯಸ್ಸಿನಲ್ಲಿ ನನ್ನ ಮಗಳಷ್ಟೇ. ಕಡ್ಡಿ ಹಾಗಿದ್ದಳು, ಮಾತಿನ ಮಧ್ಯೆ ಹುಣಸೆ ಮಿಠಾಯಿ ಚೀಪುತ್ತಿದ್ದಳು. ಇವಳೇನು ಮಾಡ್ತಾಳೆ ಅಂದುಕೊಂಡೆ.

"ಚಿಕ್ಕಮ್ಮಾ, ಖ್ವಾನ್ ದುಡ್ಡು ಬೇರೆ, ಪರಿಹಾರ ಬೇರೆ" ಅಂದಳು. "ಒಂದು ತಪ್ಪೊಪ್ಪಿಗೆಗೆ ಕೊಡೋದು. ಇನ್ನೊಂದು ಕಾಲು, ಗಾಡಿ, ಹೋದ ಸಂಪಾದನೆಗೆ ಕೊಡೋದು. ಆದ್ರೆ ಎಲ್ಲಾ ಸೇರಿ ಅಲ್ಲಿಗೇ ಮುಗೀತು ಅಂತ ಕಂಪನಿ ಹೇಳುತ್ತೆ. ಚಿಕ್ಕಪ್ಪ ಮುಗೀತು ಅಂದದ್ದು ನಿಜ. ಅದನ್ನ ಇಲ್ಲ ಅನ್ನಬೇಡಿ. ಕೊಟ್ಟವರ ಮನಸ್ಸಲ್ಲಿ ಅದು ಯಾವುದಕ್ಕೆ ಕೊಟ್ಟದ್ದಾಗಿತ್ತು, ಅದನ್ನ ಪ್ರಾಚಾ ಅವರೇ ಹೇಳಬೇಕು."

"ಅವರು ಹೇಳಿದ್ದಾರೆ. ಬಲೆ ಹಿಡಿದು ಹೇಳಿದ್ದಾರೆ."

ಎಲ್ಲಾ ಹೇಳಿದೆ. ಅವಳು ಮಿಠಾಯಿ ಚೀಪುವುದು ನಿಲ್ಲಿಸಿದಳು. ಚಿಕ್ಕವಳಿದ್ದಾಗ ಕೆರೆಗೆ ಬಿದ್ದಿದ್ದಳಂತೆ. ಅವಳ ಖ್ವಾನ್ ಅನ್ನು ಅಜ್ಜಿ ಕೆರೆಯಿಂದ ಮೊಗೆದು ತಂದಿದ್ದಳಂತೆ.

"ಆ ಬಲೆ ಇನ್ನೂ ಇದೆಯಾ?" ಅಂತ ಕೇಳಿದಳು.

"ಇದೆ. ಮೀನಿಗೆ ಬೇಕಲ್ಲ."

"ಕೋರ್ಟಿಗೆ ತನ್ನಿ."

ಚನಿದಾ ಕೇಸು ಹಾಕಿದಳು, ಕೋರ್ಟಿನವರು ಮೊದಲು ರಾಜಿಗೆ ಕರೆದರು. ಕೋರ್ಟಿನ ಬಾಗಿಲಲ್ಲಿ ಕಾವಲಿನವನು ನಮ್ಮನ್ನು ತಡೆದ. ಇವರು ಊರುಗೋಲು ಹಿಡಿದಿದ್ದರು, ನಾನು ಬಲೆ ಹಿಡಿದಿದ್ದೆ.

"ಅಕ್ಕಾ, ಒಳಗೆ ಕೆರೆ ಇಲ್ಲ."

"ಗೊತ್ತು. ಮೀನಿದೆ ಅಂತ ಹೇಳಿದ್ರು" ಅಂದೆ.

ಅವನು ನಕ್ಕು ಒಳಗೆ ಬಿಟ್ಟ. ಇವರೂ ನಕ್ಕರು. ನಾನು ನಗದೆ ಬಲೆ ಎತ್ತಿಕೊಂಡು ಒಳಗೆ ನಡೆದೆ.

ರಾಜಿ ಮಾಡಿಸುವ ಕೋಣೆ ಚಿಕ್ಕದು. ಒಂದು ಮೇಜು, ಒಂದು ಫ್ಯಾನು. ರಾಜಿ ಮಾಡಿಸುವವರು ನಿವೃತ್ತ ಹೆಡ್‌ಮಾಸ್ತರು, ನಮ್ಮ ಕಡೆಯವರೇ, ತಲೆ ಎಲ್ಲ ಬೆಳ್ಳಗೆ. ಇಲ್ಲಿ ಒಪ್ಪಂದ ಆಗದಿದ್ದರೆ ಜಡ್ಜ್ ಮುಂದೆ ಹೋಗುತ್ತದೆ, ವರ್ಷಗಟ್ಟಲೆ ಎಳೆಯಬಹುದು ಅಂತ ಚನಿದಾ ಮೊದಲೇ ಹೇಳಿದ್ದಳು. ಮೇಜಿನ ಆಚೆ ನೀಲಿ ಟೈನವನು, ಅವನ ಪಕ್ಕ ಪ್ರಾಚಾ. ಅವರ ಹಿಂದೆ ಗೋಡೆಗೆ ಒರಗಿ ಸುಮಾಲೀ. ಪ್ರಾಚಾ ಇವರ ಕಾಲು ನೋಡಿದರು, ಮೇಜು ನೋಡಿದರು, ಆಮೇಲೆ ಏನನ್ನೂ ನೋಡಲಿಲ್ಲ.

ಟೈನವನು ಚೆನ್ನಾಗಿ ಮಾತಾಡಿದ. ಹಣ ಕೊಟ್ಟಾಗಿದೆ, ತೆಗೆದುಕೊಂಡಾಗಿದೆ, ಬಾಯಾರೆ ಮುಗೀತು ಅಂದಾಗಿದೆ, ಪೊಲೀಸರು ಕೇಳಿದ್ದಾರೆ. ಕೇಳುತ್ತ ಕೇಳುತ್ತ ನನಗೇ ಹೌದಲ್ಲ ಅನ್ನಿಸಿತು.

ಹೆಡ್‌ಮಾಸ್ತರು ಇವರ ಕಡೆ ತಿರುಗಿದರು. "ನೀವು ಹಾಗಂದ್ರಾ?"

"ಅಂದೆ ಮೇಷ್ಟ್ರೇ."

ಟೈನವನು ಪೆನ್ನಿನ ಮುಚ್ಚಳ ಹಾಕಿದ.

ಚನಿದಾ ನನ್ನ ಮೊಣಕೈ ತಿವಿದಳು. ನಾನು ಎದ್ದು ಬಲೆಯನ್ನು ಮೇಜಿನ ಮೇಲೆ ಇಟ್ಟೆ. ಒಣಗಿದ ಪಾಚಿ ಉದುರಿತು. ಮೀನಿನ ವಾಸನೆ ಬಂತು. ಟೈನವನು ಕುರ್ಚಿ ಹಿಂದೆ ಎಳೆದುಕೊಂಡ.

"ಅಣ್ಣಾ ಪ್ರಾಚಾ" ಅಂದೆ. ಬೈಯುವುದಿಲ್ಲ ಅಂತ ಮಾತು ಕೊಟ್ಟಿದ್ದೆ, ಬೈಯಲಿಲ್ಲ. "ಇದು ಗುರುತು ಸಿಕ್ತಾ? ಗಿರಣಿ ತಿರುವಲ್ಲಿ ಇದನ್ನ ಹಿಡ್ಕೊಂಡು ನೀವು ಖ್ವಾನ್‌ಗೆ ಏನಂದ್ರಿ, ಇಲ್ಲಿ ಒಂದು ಸಲ ಹೇಳಿ. ಹಾಗೆ ಅನ್ಲಿಲ್ಲ ಅಂದ್ರೂ ಸರಿ. ನಾವು ಎದ್ದು ಹೋಗ್ತೀವಿ."

"ಇದು ಸಾಕ್ಷಿಯಲ್ಲ" ಅಂದ ಟೈನವನು. "ಮೂಢನಂಬಿಕೆ. ನಮ್ಮ ಕಕ್ಷಿದಾರರು ಉತ್ತರ ಕೊಡೋ ಅಗತ್ಯವಿಲ್ಲ."

"ಇದು ರಾಜಿ ಮಾಡೋ ಕೋಣೆಯಪ್ಪ, ಇಲ್ಲಿ ಯಾರು ಬೇಕಾದ್ರೂ ಮಾತಾಡಬಹುದು" ಅಂದರು ಹೆಡ್‌ಮಾಸ್ತರು. ಅವರ ಕಣ್ಣು ಬಲೆಯ ಮೇಲಿತ್ತು.

ಫ್ಯಾನು ತಿರುಗುತ್ತಿತ್ತು. ಪ್ರಾಚಾ ಕೈ ಚಾಚಿ ಬಲೆಯ ಕೋಲು ಮುಟ್ಟಿದರು.

"ಬಾ ಅಂದೆ" ಅಂದರು. "ಮನೆಗೆ ಹೋಗು ಅಂದೆ. ಕಾಲಿಗೆ ನಾನಿದ್ದೀನಿ, ಗಾಡಿಗೆ ನಾನಿದ್ದೀನಿ ಅಂದೆ."

"ಪ್ರಾಚಾ ಅವರೇ, ನಾವು ಮೊದಲೇ ಮಾತಾಡಿದ್ವಲ್ಲ..." ಅಂದ ಟೈನವನು.

"ನಿಮ್ಮ ಹತ್ರ ಮಾತಾಡಿದ್ದು ಆಮೇಲೆ. ಅದರ ಹತ್ರ ಮಾತಾಡಿದ್ದು ಮೊದಲು." ಪ್ರಾಚಾ ಈಗ ಇವರ ಮುಖ ನೋಡಿದರು. "ಆಸ್ಪತ್ರೇಲಿ ಕೊಟ್ಟದ್ದು ಖ್ವಾನ್‌ಗೆ. ಕಾಲಿಗೆ ಇನ್ನೂ ಏನೂ ಕೊಟ್ಟಿಲ್ಲ. ಮಾತು ಕೊಟ್ಟು ಕರೆಸಿ, ಈಗ ಹಾಗೆ ಅನ್ಲೇ ಇಲ್ಲ ಅಂದ್ರೆ, ಅದು ಮತ್ತೆ ಎದ್ದು ಹೋದ್ರೆ? ನಂದೂ ಹೋದ್ರೆ? ನಾನೂ ದಿನಾ ಅದೇ ತಿರುವು ದಾಟ್ಬೇಕು ಸ್ವಾಮಿ. ನಿಮ್ಮ ಕಂಪನಿಯವರು ಯಾರಾದ್ರೂ ಬಂದು ಮೊಗೀತೀರಾ ನಂದನ್ನ?"

ಹಿಂದಿನಿಂದ ಸುಮಾಲೀ, "ಹೇಳಿದ್ದು ನಿಜ ಅಂದ್ಮೇಲೆ ಕೊಡಿ ಮತ್ತೆ! ಇಷ್ಟು ವರ್ಷ ಪ್ರೀಮಿಯಂ ಕಟ್ಟಿದ್ದು ಯಾತಕ್ಕೆ?" ಅಂದಳು. ಗಂಡನ ಖ್ವಾನ್ ಮಾತು ಬಂದ ಕೂಡಲೇ ಅವಳ ಪಕ್ಷ ಬದಲಾಗಿತ್ತು. ಅವಳ ಮೇಲಿದ್ದ ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಟೈನವನು ಫೋನು ಹಿಡಿದು ಹೊರಗೆ ಹೋದ. ಬಾಗಿಲಿನ ಗಾಜಿನಲ್ಲಿ ಅವನು ಆಚೆ ಈಚೆ ನಡೆಯುವುದು ಕಾಣುತ್ತಿತ್ತು. ಒಳಗೆ ಇವರು, "ಪ್ರಾಚಾ, ನಿಮ್ಮ ಕಾರು ರಿಪೇರಿ ಆಯ್ತಾ?" ಅಂತ ಕೇಳಿದರು.

"ಆಯ್ತು ಅಣ್ಣ. ಬಾನೆಟ್ಟಿನೊಳಗೆ ಮಾತ್ರ ಇನ್ನೂ ತೆಂಗಿನಹಾಲಿನ ವಾಸನೆ. ಇರುವೆ ಬಿಡ್ತಿಲ್ಲ."

ಹೆಡ್‌ಮಾಸ್ತರು ಮುಖಕ್ಕೆ ಕರ್ಚೀಫು ಹಿಡಿದುಕೊಂಡರು.

ಟೈನವನು ವಾಪಸ್ ಬಂದು ಕೂತ. ಗಾಡಿಗೆ, ಕೆಲಸವಿಲ್ಲದೆ ಕೂತ ತಿಂಗಳುಗಳಿಗೆ, ಮಡಚದ ಕಾಲಿಗೆ ಕಂಪನಿ ಕೊಡುತ್ತದೆ ಅಂದ. ಚನಿದಾ ಅವನು ಹೇಳಿದ ಮೊತ್ತ ಕೇಳಿ ತಲೆ ಆಡಿಸಿದಳು, ಇನ್ನಷ್ಟು ಕೇಳಿದಳು, ಅವನು ಮತ್ತೆ ಹೊರಗೆ ಹೋಗಿ ಬಂದ. ಕೇಳಿದ್ದಷ್ಟೂ ಸಿಗಲಿಲ್ಲ. ಗಾಡಿ ಆಗಿ, ಮನೆ ನಡೆದು, ಸ್ವಲ್ಪ ಉಳಿಯುವಷ್ಟು ಸಿಕ್ಕಿತು. ಸಾಕು ಅನ್ನುವಷ್ಟು.

ಇವರು ಸಹಿ ಹಾಕುತ್ತಿದ್ದ ಹಾಗೆ ನಾನು ಹೊರಗೆ ಬಂದು ಕೋರ್ಟಿನ ಮೆಟ್ಟಿಲ ಮೇಲೆ ಕೂತೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅನ್ನುವುದು ಆಗ ನೆನಪಾಯಿತು. ಇವರು ಊರುಗೋಲು ಕುಟ್ಟುತ್ತ ಬಂದು ಪಕ್ಕದಲ್ಲಿ ಕಾಲು ಚಾಚಿದರು.

"ನೂಡಲ್ಸ್ ತಿನ್ನೋಣ್ವಾ?" ಅಂದರು.

"ಎರಡು ಬಟ್ಟಲು ತಿಂತೀನಿ ನಾನು."

ಕಾವಲಿನವನು ಬಾಗಿಲಿಂದ ಕೂಗಿದ, "ಅಕ್ಕಾ, ಮೀನು ಬಿತ್ತಾ?"

"ಬಿತ್ತಪ್ಪಾ, ದೊಡ್ಡದೇ" ಅಂದೆ. ಅಳು ಬಂತು.

ಗಾಡಿ ಬಂತು. ನೀಲಿ ಬಣ್ಣ, ಬಟನ್ ಒತ್ತಿದರೆ ಶುರು. ಬಲಗಾಲು ಚಾಚಿಕೊಳ್ಳಲು ವೆಲ್ಡಿಂಗಿನವನು ಒಂದು ತಟ್ಟೆ ಕೂರಿಸಿದ್ದ. ಮೊದಲ ದಿನ ನಾನೂ ಹಿಂದೆ ಕೂತು ಹೋದೆ. ಗಿರಣಿಯ ತಿರುವಿನಲ್ಲಿ ಅವರು ನಿಲ್ಲಿಸಿದರು. ಹೆದರಿದರೇನೋ ಅಂದುಕೊಂಡೆ. ಗಂಟೆ ತೆಗೆದು ಜೋರಾಗಿ ಬಾರಿಸಿದರು. ಹೆಂಗಸರು ಭತ್ತದ ಧೂಳಿನಲ್ಲೇ ಓಡಿ ಬಂದರು.

"ಸತ್ತೇಹೋದ್ಯೇನೋ ಅಂದ್ಕೊಂಡಿದ್ವಿ ಅಣ್ಣ!"

"ಹೋಗಿದ್ದೆ. ಇವಳು ಬಲೆ ಹಾಕಿ ಎಳ್ಕೊಂಡು ಬಂದ್ಳು. ಹೆಂಡ್ತಿ ಕೈಯಿಂದ ತಪ್ಪಿಸ್ಕೊಳ್ಳೋಕೆ ಆಗುತ್ತಾ?"

ಪ್ರತಿ ಗುರುವಾರ ಪೇಟೆಗೂ ಹೋಗುತ್ತಿದ್ದರು. ಪ್ರಾಚಾ ಅಂಗಡಿಯ ಮುಂದೆ ಗಂಟೆ ಬಾರಿಸಿದರೆ ಸುಮಾಲೀ ಬಟ್ಟಲು ಹಿಡಿದು ಬರುವಳು. "ಕಡಲೆಕಾಯಿ ಜಾಸ್ತಿ ಹಾಕಣ್ಣಾ, ನಮ್ಮದೇ ಗಾಡಿ" ಅನ್ನುವಳು. "ಕಂಪನೀದಮ್ಮಾ. ಕಡಲೆಕಾಯಿ ನಮ್ಮದು" ಅನ್ನುವರು ಇವರು.

ಹಾಗೆ ಕೆಲವು ವರ್ಷ ನಡೆಯಿತು. ಆಮೇಲೆ ಕಿಡ್ನಿ. ಅದಕ್ಕೆ ಯಾರ ಕಾರೂ ಕಾರಣವಲ್ಲ. ಕೊನೆಯ ವಾರದವರೆಗೂ ಡಬ್ಬಿ ತಿರುಗಿಸಿದರು. ನಮ್ಮ ಮನೆಯ ಚಾಪೆಯ ಮೇಲೆ, ಬೆಳಕಿರುವಾಗ, ನನ್ನ ಕೈ ಹಿಡಿದು ಹೋದರು. ಈಗ ಬೆಳಿಗ್ಗೆ ತೆಂಗಿನಕಾಯಿ ತುರಿಯಲು ಕೂತರೆ ಕೈ ಓಡುವುದಿಲ್ಲ. ಯಾರಿಗೆ ತುರಿಯಲಿ ಅನ್ನಿಸುತ್ತದೆ. ಆದರೂ ತುರಿಯುತ್ತೇನೆ, ಯಾಕೆಂದರೆ ಗಾಡಿ ಈಗ ಮಗಳು ಓಡಿಸುತ್ತಾಳೆ.

ಸುಟ್ಟ ದಿನ ಬಂದವರಿಗೆಲ್ಲ ಐಸ್‌ಕ್ರೀಮು ಕೊಟ್ಟೆವು. ಮುಖ್ಯಸ್ಥ ಆ ಆರು ಸಾ‌ಲು ಓದುವಾಗ ಗಾಡಿಯ ಹತ್ತಿರ ನಿಂತು ಬ್ರೆಡ್ಡು ಸೀಳುತ್ತಿದ್ದವರು ಪ್ರಾಚಾ. ಯಾರೂ ಕರೆದಿರಲಿಲ್ಲ, ತಾವೇ ಬಂದು ನಿಂತಿದ್ದರು. ಕಪ್ಪು ಅಂಗಿಯ ತೋಳಿಗೆಲ್ಲ ತೆಂಗಿನಹಾಲು.

ಒಬ್ಬರು ಕೇಳಿದರು, "ಪೇಂಗ್ ಅಜ್ಜಿ, ಗಿರಣಿ ತಿರುವಿಗೆ ಇನ್ನೊಂದು ಸಲ ಹೋಗಿ ಕರೀಬೇಕಾ? ಅಲ್ಲಿ ಬಿದ್ದಿದ್ದನಲ್ಲ."

ಅಜ್ಜಿ ಬಾಯೊಳಗಿನ ಬ್ರೆಡ್ಡು ನುಂಗಿ ಹೇಳಿದಳು, "ಅಲ್ಲೇನಿದೆ ಕರೆಯೋಕೆ? ಅವನದೆಲ್ಲಾ ಆವತ್ತೇ ಮನೆಗೆ ಬಂದಾಗಿದೆ. ರಸ್ತೇಲಿ ಏನೂ ಉಳಿದಿಲ್ಲ."

ಪ್ರಾಚಾ ಕೇಳಿಸಿಕೊಂಡರು. ನಾನೂ ಕೇಳಿಸಿಕೊಂಡೆ. ಅವರು ಒಂದು ಬ್ರೆಡ್ಡಿಗೆ ಕೈ ತುಂಬ ಕಡಲೆಕಾಯಿ ಸುರಿದು ನನ್ನ ಕೈಗೆ ಕೊಟ್ಟರು. ನಿಂತಲ್ಲೇ ತಿಂದೆ.